ವೈನು ಬಪ್ಪು: ಸೂರ್ಯರೇಖೆಯ ಅಗಲವನ್ನು ಓದಿದ ವಿಜ್ಞಾನಿ

1980ರ ಫೆಬ್ರವರಿ 16ರಂದು ರಾಯಚೂರು ಸೀಮೆಯಲ್ಲಿ ಸೂರ್ಯನು ಪೂರ್ಣವಾಗಿ ಮರೆಯಾದಾಗ ನಮ್ಮ ಡಿ. ಹಿರೇಹಾಳ್ ಭಾಗದಲ್ಲಿಯೂ ಹಗಲು ಮಂಕಾಗಿತ್ತು. ಅನೇಕರು ಬಾಗಿಲು ಮುಚ್ಚಿ ಒಳಗೆ ಕುಳಿತಿದ್ದರು. ಅದೇ ಹೊತ್ತಿನಲ್ಲಿ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ತಂಡ ಉಪಕರಣಗಳನ್ನು ಸೂರ್ಯನತ್ತ ತಿರುಗಿಸಿ ನಿಂತಿತ್ತು. ಆ ಸಂಸ್ಥೆಯನ್ನು ಕಟ್ಟಿದವರು ವೈನು ಬಪ್ಪು.

1927ರ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದ ಅವರು ಬೆಳೆದದ್ದು ಹೈದರಾಬಾದಿನಲ್ಲಿ. ಮೂಲ ಮಲಬಾರಿನ ಕುಟುಂಬ. ನಮ್ಮ ಮಕ್ಕಳಂತೆ ಅವರಿಗೂ ಮನೆಯ ಮಾತು ಒಂದು, ರಾಜ್ಯದ ಮಾತು ಮತ್ತೊಂದು. ತಂದೆ ನಿಜಾಮಿಯಾ ವೀಕ್ಷಣಾಲಯದ ನೌಕರರಾಗಿದ್ದುದರಿಂದ ಬಾಲ್ಯದಲ್ಲಿಯೇ ದೂರದರ್ಶಕ ಕೈಗೆಟುಕಿತು. ವಿದ್ಯಾರ್ಥಿವೇತನದ ಬಲದಿಂದ ಹಾರ್ವರ್ಡ್ ಸೇರಿ, 1949ರಲ್ಲಿ ಅಲ್ಲಿಯೇ ಒಂದು ಧೂಮಕೇತುವನ್ನು ಕಂಡುಹಿಡಿದರು.

ಅವರ ಹೆಸರನ್ನು ಉಳಿಸಿದ್ದು ಮಾತ್ರ ಕ್ಯಾಲ್ಸಿಯಂನ ಒಂದು ರೋಹಿತ ರೇಖೆ. ‘ಕೆ’ ಎಂಬ ಆ ರೇಖೆ ಕಣ್ಣಿಗೆ ಕಾಣುವ ಬೆಳಕಿನ ಅಂಚಿನಲ್ಲಿದೆ, ಅದರಾಚೆಗೆ ನೇರಳಾತೀತ. ಆ ಕಪ್ಪು ರೇಖೆಯ ನಡುವಿನ ಬೆಳಗುವ ಎಳೆ ಅಗಲವಾದಷ್ಟೂ ನಕ್ಷತ್ರದ ನಿಜ ಪ್ರಕಾಶ ಹೆಚ್ಚೆಂದು ಆಲಿನ್ ವಿಲ್ಸನ್ ಹಾಗೂ ಬಪ್ಪು 1957ರಲ್ಲಿ ತೋರಿಸಿದರು. ನಿಜ ಪ್ರಕಾಶ ತಿಳಿದರೆ ದೂರವನ್ನು ಲೆಕ್ಕ ಹಾಕಬಹುದು. 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದ ಮೇಲೆ, ಈ ಅಗಲ ಎಲ್ಲಿಂದ ಬರುತ್ತದೆಂಬ ಪ್ರಶ್ನೆಯನ್ನು ಸೂರ್ಯನಿಗೇ ಕೇಳಿದರು. ಶಿವರಾಮನ್ ಅವರೊಡನೆ ಸೂರ್ಯನ ವರ್ಣಗೋಳದಲ್ಲಿ ಮಿನುಗುವ ಸಣ್ಣ ಸಣ್ಣ ಬಿಂದುಗಳನ್ನು ಪರೀಕ್ಷಿಸಿದರು. (ರೋಹಿತ, ವರ್ಣಗೋಳ, ನೇರಳಾತೀತ: ವಿಜ್ಞಾನಕ್ಕಾಗಿ ಮಾಧ್ಯಮ ಬದಲಿಸಬೇಕೆನ್ನುವ ಪಾಲಕರು ಈ ಪದಗಳನ್ನು ಗಮನಿಸಬೇಕು.)

ನೇರಳಾತೀತದ ಬಹುಭಾಗವನ್ನು ನಮ್ಮ ವಾಯುಮಂಡಲ ತಡೆಯುತ್ತದೆ. ಬಪ್ಪು ಅವರ ಕಾಲದಲ್ಲಿಯೇ, 1975ರಿಂದ, ಅಮೆರಿಕದ ರಾಕೆಟ್‌ಗಳು ರೋಹಿತದರ್ಶಕವನ್ನು ವಾಯುಮಂಡಲದ ಮೇಲಕ್ಕೆ ಒಯ್ದವು. ಅಲ್ಲಿಯೂ ಸುಳಿವು ಕೊಟ್ಟದ್ದು ರೇಖೆಯ ಅಗಲವೇ. ನಮ್ಮತ್ತ ನುಗ್ಗುವ ಅನಿಲ ರೇಖೆಯನ್ನು ನೇರಳೆಯ ಕಡೆಗೂ, ದೂರ ಸರಿಯುವ ಅನಿಲ ಕೆಂಪಿನ ಕಡೆಗೂ ಎಳೆಯುತ್ತದೆ. ಕೆಲವೆಡೆ ರೇಖೆ ಎರಡೂ ಬದಿಗೆ ಹಠಾತ್ತನೆ ಹಿಗ್ಗಿತ್ತು: ಅನಿಲದ ವೇಗ ಸೆಕೆಂಡಿಗೆ ಸುಮಾರು 100 ಕಿಲೋಮೀಟರ್, ಆಯುಷ್ಯ ಸುಮಾರು ಒಂದು ನಿಮಿಷ. ಅವು ಸೂರ್ಯನ ಕಿರು ಸ್ಫೋಟಗಳು.

ಬಪ್ಪು ಅವರ ದೊಡ್ಡ ಹಟ ಉಪಕರಣಗಳನ್ನು ಇಲ್ಲಿಯೇ ಕಟ್ಟಬೇಕೆಂಬುದು. ಕಾವಲೂರಿನ ಕಾಡಿನಲ್ಲಿ ವೀಕ್ಷಣಾಲಯ ಎದ್ದಿತು. 1971ರಲ್ಲಿ ಸಂಸ್ಥೆ ಸ್ವಾಯತ್ತವಾಯಿತು. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದ ಮೊದಲ ಭಾರತೀಯ ಅವರು. 1982ರ ಆಗಸ್ಟ್ 19ರಂದು ಮ್ಯೂನಿಕ್‌ನಲ್ಲಿ, 55ನೆಯ ವಯಸ್ಸಿನಲ್ಲಿ ನಿಧನರಾದರು. ತಾವು ಯೋಜಿಸಿದ 2.34 ಮೀಟರ್ ದೂರದರ್ಶಕವನ್ನು ಅವರು ನೋಡಲಾಗಲಿಲ್ಲ. 1986ರಲ್ಲಿ ಅದಕ್ಕೆ ಅವರ ಹೆಸರನ್ನಿಟ್ಟರು.

2023ರ ಸೆಪ್ಟೆಂಬರ್ 2ರಂದು ಮೇಲೇರಿದ ಆದಿತ್ಯ-ಎಲ್1ರಲ್ಲಿ ಅವರ ಸಂಸ್ಥೆಯೇ ರೂಪಿಸಿದ ಕರೋನಾದರ್ಶಕವಿದೆ. ಜೊತೆಗೆ ಪುಣೆಯ ವಿಜ್ಞಾನಿಗಳ ನೇರಳಾತೀತ ದೂರದರ್ಶಕ. ಅದು ಚಿತ್ರ ತೆಗೆಯುವ ರೇಖೆಗಳಲ್ಲಿ ಕ್ಯಾಲ್ಸಿಯಂನ ‘ಎಚ್’ ಕೂಡ ಒಂದು, ಬಪ್ಪು ಅಳೆದ ‘ಕೆ’ ರೇಖೆಯ ಜೋಡಿ.