ಮಣ್ಣಿನ ಮನೆಯಲ್ಲಿ ತಂಪು ಕಂಡ ಹಸನ್ ಫತ್ಹಿ

ಕೊಲ್ಲಿ ದೇಶಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಮನೆ ತಂಪಾಗಿರಬೇಕಾದರೆ ಏ.ಸಿ. ಬೇಕೇ ಬೇಕು. ಬೇಸಿಗೆಯಲ್ಲಿ ಅದನ್ನು ಆರಿಸುವ ಮಾತೇ ಇಲ್ಲ. ತಿಂಗಳ ಕೊನೆಯಲ್ಲಿ ವಿದ್ಯುತ್ ಬಿಲ್ಲು ನೋಡಿ ನಿಟ್ಟುಸಿರು ಬಿಡುವುದು ಮಾತ್ರ ಹಿರಿಯರ ಪಾಲಿಗೆ. ಹಾಗಾದರೆ ಕರೆಂಟು ಬರುವ ಮೊದಲು ಈ ಬಿಸಿಲ ನಾಡುಗಳ ಜನ ಹೇಗೆ ಬದುಕುತ್ತಿದ್ದರು? ಈ ಪ್ರಶ್ನೆಯ ಬೆನ್ನು ಹತ್ತಿ, ಬಡ ರೈತನ ಕೈಗೂ ಎಟುಕುವಂಥ ತಂಪಾದ ಮನೆ ಕಟ್ಟಲು ಜೀವನವನ್ನೇ ಕೊಟ್ಟವರು ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್ಹಿ. ಈ ಸಲದ ಸಂಚಿಕೆಯಲ್ಲಿ ಅವರ ಪರಿಚಯ ಮಾಡಿಕೊಡುತ್ತಿದ್ದೇವೆ.

ಫತ್ಹಿಯವರು 1900ರ ಮಾರ್ಚ್ 23ರಂದು ಅಲೆಕ್ಸಾಂಡ್ರಿಯಾದಲ್ಲಿ, ಜಮೀನಿದ್ದ ಅನುಕೂಲಸ್ಥ ಮನೆತನದಲ್ಲಿ ಹುಟ್ಟಿದರು. ತಂದೆಗೆ ಹಳ್ಳಿ ಎಂದರೆ ಆಗದು, ಅದು ರೋಗರುಜಿನದ ಜಾಗ. ತಾಯಿಗಾದರೋ ತಾವು ಬಾಲ್ಯದಲ್ಲಿ ಕಂಡ ಹಳ್ಳಿಯ ನೆನಪೇ ಸಿಹಿ. ಮಗ ತಾಯಿಯ ಕಡೆ ವಾಲಿದ. ಕೃಷಿ ಕಾಲೇಜು ಸೇರಲು ಹೋದರೆ ಮೌಖಿಕ ಪರೀಕ್ಷೆಯಲ್ಲಿ ಬೇಸಾಯದ ಪ್ರಶ್ನೆಗಳಿಗೆ ಉತ್ತರ ಹೇಳಲು ಬರಲಿಲ್ಲ. ಹೊಲವನ್ನೇ ಕಾಣದ ಹುಡುಗ ಏನು ತಾನೆ ಹೇಳಿಯಾನು! ಹೀಗೆ ವಾಸ್ತುಶಿಲ್ಪ ಓದಿ 1926ರಲ್ಲಿ ಪದವಿ ಪಡೆದರು. ತಮ್ಮ ಮನೆತನದ ಜಮೀನಿಗೆ ಅವರು ಮೊದಲು ಕಾಲಿಟ್ಟದ್ದು 27ನೆಯ ವಯಸ್ಸಿನಲ್ಲಿ. ಅಲ್ಲಿನ ಗೇಣಿದಾರರ ಗುಡಿಸಲುಗಳ ಕೊಳಕು, ಕತ್ತಲೆ ಕಂಡು ಅವರಿಗೆ ತಮ್ಮ ಮನೆಯವರ ಬಗ್ಗೆಯೇ ನಾಚಿಕೆಯಾಯಿತು.

1930ರಲ್ಲಿ ಅವರು ಕೈರೋದ ಲಲಿತಕಲಾ ಶಾಲೆಯಲ್ಲಿ ಅಧ್ಯಾಪಕರಾದರು. ಆ ಹೊತ್ತಿಗೆ ಓದಿದವರೆಲ್ಲ ಕಾಂಕ್ರೀಟನ್ನೇ ಪ್ರಗತಿ ಎಂದು ನಂಬಿದ್ದರು. ಫತ್ಹಿಯವರ ಲೆಕ್ಕ ಬೇರೆ ಇತ್ತು. ಸಿಮೆಂಟು, ಕಬ್ಬಿಣಕ್ಕೆ ಕಾಸು ಬೇಕು, ರೈತನ ಬಳಿ ಅದಿಲ್ಲ. ಅವನ ಕಾಲ ಕೆಳಗಿನ ಮಣ್ಣಿಗೆ ಹುಲ್ಲು ಬೆರೆಸಿ ಬಿಸಿಲಲ್ಲಿ ಒಣಗಿಸಿದರೆ ಹಸಿ ಇಟ್ಟಿಗೆ ಸಿದ್ಧ. ಸುಡುವ ಖರ್ಚೂ ಇಲ್ಲ.

ಗೋಡೆಯೇನೋ ಸುಲಭ, ತೊಡಕೆಲ್ಲ ಛಾವಣಿಯದು. ಎರಡನೆಯ ಮಹಾಯುದ್ಧದ ಕಾಲ. ಮರ, ಕಬ್ಬಿಣ ಸಿಗುತ್ತಿರಲಿಲ್ಲ. 1941ರಲ್ಲಿ ಬಹತೀಮ್ ಎಂಬಲ್ಲಿ ಹಸಿ ಇಟ್ಟಿಗೆಯಲ್ಲೇ ಕಮಾನು ಛಾವಣಿ ಹಾಕಲು ಹೋದರೆ, ಸೆಂಟ್ರಿಂಗ್ ಇಲ್ಲದೆ ಅದು ಕುಸಿದು ಬಿತ್ತು. ಆಗ ಅಸ್ವಾನ್ ಅಣೆಕಟ್ಟಿನ ಕೆಲಸದಲ್ಲಿದ್ದ ಸೋದರ ಅಲಿ, ಅಲ್ಲಿನ ನೂಬಿಯಾದ ಜನ ಆಸರೆಯೇ ಇಲ್ಲದೆ ಇಂಥ ಛಾವಣಿ ಕಟ್ಟುತ್ತಾರೆಂದು ತಿಳಿಸಿದರು. ಫತ್ಹಿಯವರು ಹೋಗಿ ನೋಡಿದರು. ಊರಿನ ಮೇಸ್ತ್ರಿಗಳು ಹಿಂಬದಿಯ ಗೋಡೆಯ ಮೇಲೆ ಕೆಸರು ಮೆತ್ತಿ, ಕಣ್ಣಳತೆಯಲ್ಲೇ ಕಮಾನಿನ ಗೆರೆ ಎಳೆಯುತ್ತಿದ್ದರು. ಹುಲ್ಲು ಹೆಚ್ಚು ಬೆರೆಸಿದ ಹಗುರ ಇಟ್ಟಿಗೆಗಳನ್ನು ಆ ಗೋಡೆಗೆ ಒರಗಿಸಿ ಅಂಟಿಸುತ್ತಿದ್ದರು. ಇಟ್ಟಿಗೆಯ ಮೇಲೆ ಬೆರಳಿನಿಂದ ಗೀರಿದ ಗೆರೆಗಳು ಕೆಸರನ್ನು ಗಟ್ಟಿಯಾಗಿ ಹಿಡಿಯುತ್ತಿದ್ದವು. ನಮ್ಮ ಕಪಾಟಿನಲ್ಲಿ ಪುಸ್ತಕಗಳು ಒಂದಕ್ಕೊಂದು ಒರಗಿ ನಿಲ್ಲುವುದಿಲ್ಲವೇ, ಹಾಗೆಯೇ ಒಂದು ಸಾಲಿಗೆ ಇನ್ನೊಂದು ಸಾಲು ಒರಗುತ್ತಾ ಕೋಣೆ ಮುಚ್ಚಿಹೋಗುತ್ತಿತ್ತು. ಇದು ಬಾಳಿಕೆ ಬರುತ್ತದೆಯೇ ಎಂಬ ಅನುಮಾನಕ್ಕೆ ಲಕ್ಸರ್ ಬಳಿಯ ರಾಮಸೀಯಮ್‌ನ ಕಣಜಗಳು ಉತ್ತರ ಕೊಟ್ಟವು. ಅಲ್ಲಿನ ಹಸಿ ಇಟ್ಟಿಗೆಯ ಕಮಾನುಗಳಿಗೆ 3,000 ವರ್ಷಗಳಿಗಿಂತ ಹೆಚ್ಚು ವಯಸ್ಸು!

ಇನ್ನು ತಂಪಿನ ವಿಷಯ. ಸೌರಶಕ್ತಿ ಎಂದೊಡನೆ ಮಾಳಿಗೆಯ ಮೇಲಿನ ಫಲಕಗಳಷ್ಟೇ ನಮ್ಮ ಕಣ್ಣಿಗೆ ಬರುತ್ತವೆ. ಸೂರ್ಯನ ದಾರಿ ನೋಡಿ ಮನೆ ಕಟ್ಟುವುದೂ ಅದೇ ವಿದ್ಯೆಯ ಭಾಗ. ದಪ್ಪ ಮಣ್ಣಿನ ಗೋಡೆ ಹಗಲಿನ ಬಿಸಿಯನ್ನು ಬೇಗ ಒಳಗೆ ಬಿಡುವುದಿಲ್ಲ. ನಡುವಿನ ಅಂಗಳದಲ್ಲಿ ರಾತ್ರಿಯ ತಂಪು ಗಾಳಿ ಇಳಿದು ನಿಂತು ಸುತ್ತಲ ಕೋಣೆಗಳಿಗೆ ಹರಿಯುತ್ತದೆ. ನಮ್ಮ ತೊಟ್ಟಿ ಮನೆಗಳಲ್ಲಿ ಬೆಳೆದ ಅಜ್ಜ ಅಜ್ಜಿಯರನ್ನು ಕೇಳಿದರೆ ಅಂಗಳದ ಸುಖ ಹೇಳಿಯಾರು. ಇದರ ಜೊತೆಗೆ ಮಲ್ಕಫ್ ಎಂಬ ಗಾಳಿಗೂಡು: ಮಾಳಿಗೆಯ ಮೇಲೆ ಗಾಳಿ ಬೀಸುವ ದಿಕ್ಕಿಗೆ ಬಾಯಿ ತೆರೆದು, ಎತ್ತರದ ತಂಪು ಗಾಳಿಯನ್ನು ಹಿಡಿದು ಕೆಳಗಿಳಿಸುವ ಗೂಡು. ದುಬೈನ ಅಲ್ ಫಾಹಿದಿ ಹಳೇ ಬೀದಿಗಳಲ್ಲಿ ಕಾಣುವ ಬರ್ಜೀಲ್ ಗೋಪುರಗಳು ಇದರ ನೆಂಟರೇ. ಫತ್ಹಿಯವರು ತಾವು ಕಟ್ಟಿಸಿದ ಒಂದು ಶಾಲೆಯ ಗಾಳಿಗೂಡಿನೊಳಗೆ ಒದ್ದೆ ಇದ್ದಿಲನ್ನು ಇಟ್ಟು ತರಗತಿಯ ಬಿಸಿಯನ್ನು 10 ಡಿಗ್ರಿಯಷ್ಟು ಇಳಿಸಿದರು.

1964ರಲ್ಲಿ ಕೈರೋದಲ್ಲಿ ಬೇರೆ ಬೇರೆ ಸಾಮಗ್ರಿಗಳ ಮಾದರಿ ಕೋಣೆಗಳನ್ನು ಕಟ್ಟಿ ಅಳೆದು ನೋಡಿದರು. ಮಣ್ಣಿನ ಕೋಣೆಯೊಳಗೆ ದಿನವಿಡೀ 21ರಿಂದ 23 ಡಿಗ್ರಿ ಸೆಲ್ಸಿಯಸ್. ಕಾಂಕ್ರೀಟಿನ ಸಿದ್ಧ ಹಲಗೆಗಳ ಕೋಣೆ 36 ಡಿಗ್ರಿಗೆ ಏರಿತು, ಅಂದರೆ ಹೊರಗಿನ ಗಾಳಿಗಿಂತ 9 ಡಿಗ್ರಿ ಹೆಚ್ಚು! ನಾವು ವಾಸಿಸುವ ಕಟ್ಟಡಗಳನ್ನು ನೆನೆದು ಈ ಅಂಕಿಗಳನ್ನು ಇನ್ನೊಮ್ಮೆ ಓದಿ.

ಇಷ್ಟೆಲ್ಲ ಬಲ್ಲವರ ದೊಡ್ಡ ಕನಸು ಮಾತ್ರ ಅರ್ಧಕ್ಕೇ ನಿಂತಿತು. ಲಕ್ಸರ್‌ನ ಎದುರು ದಡದಲ್ಲಿ, ಪ್ರಾಚೀನ ಸಮಾಧಿಗಳ ಗುಡ್ಡದ ಮೇಲೆಯೇ ಗುರ್ನಾ ಎಂಬ ಊರಿತ್ತು. ಸುಮಾರು 7,000 ಜನ. ಸಮಾಧಿಗಳಿಂದ ವಸ್ತುಗಳನ್ನು ತೆಗೆದು ಮಾರುವುದು ಅಲ್ಲಿನ ಅನೇಕರ ಜೀವನೋಪಾಯವಾಗಿತ್ತು. ಸಮಾಧಿಯೊಂದರ ಕೆತ್ತನೆಯ ಬಂಡೆಯೇ ಕಳುವಾದ ಮೇಲೆ ಸರ್ಕಾರ ಇಡೀ ಊರನ್ನು ಕೆಳಗಿನ ಬಯಲಿಗೆ ಸಾಗಿಸಲು ನಿರ್ಧರಿಸಿ, 1945ರಲ್ಲಿ ಹೊಸ ಊರಿನ ಹೊಣೆಯನ್ನು ಫತ್ಹಿಯವರಿಗೆ ವಹಿಸಿತು. ಎಲ್ಲರಿಗೂ ಒಂದೇ ಅಚ್ಚಿನ ಮನೆ ಕೊಡಲು ಅವರು ಒಪ್ಪಲಿಲ್ಲ. ಬಂಧುಗಳ ಗುಂಪಿಗೊಂದು ಅಂಗಳ, ದನಕ್ಕೆ ಕೊಟ್ಟಿಗೆ, ಮಸೀದಿ, ಸಂತೆಕಟ್ಟೆ, ಶಾಲೆಗಳು, ಒಂದು ರಂಗಮಂದಿರ ಕೂಡ! ನೂಬಿಯಾದ ಮೇಸ್ತ್ರಿಗಳು ಬಂದು ಊರಿನವರಿಗೆ ಕೆಲಸ ಕಲಿಸಿದರು. ಆದರೆ ಕಚೇರಿಯ ಕಾಗದಗಳು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಂಗಾಮು ಮುಗಿಯುತ್ತಿತ್ತು. ಊರಿನವರೂ ಬರಲೊಲ್ಲರು. ಹೊಸ ಊರಿನ ಒಡ್ಡನ್ನು ಯಾರೋ ಬೇಕೆಂದೇ ಕಡಿದು ನೀರು ನುಗ್ಗಿಸಿದರೆಂದು ಫತ್ಹಿಯವರೇ ಬರೆದಿದ್ದಾರೆ. ಮೂರು ಹಂಗಾಮು ನಡೆದ ಕೆಲಸ ನಿಂತುಹೋಯಿತು.

ಊರಿನವರನ್ನು ಕಳ್ಳರೆಂದು ಬೈದು ಸುಮ್ಮನಾಗುವುದು ಸುಲಭ. ನಮಗೆ ಅದು ನ್ಯಾಯವೆನಿಸುವುದಿಲ್ಲ. ಗುಡ್ಡ ಬಿಟ್ಟು ಬಂದರೆ ಹೊಟ್ಟೆಗೇನು? ಫತ್ಹಿಯವರು ಕರಕುಶಲ ತರಬೇತಿಯ ಯೋಜನೆ ಹಾಕಿದ್ದರು, ನಿಜ. ಆದರೆ ಕಂಡ ದುಡಿಮೆ ಬಿಟ್ಟು ಕಾಣದ ದುಡಿಮೆಗೆ ಯಾರು ಬರುತ್ತಾರೆ? ಮೇಲಾಗಿ ಆ ಸೀಮೆಯಲ್ಲಿ ಗುಮ್ಮಟ ಎಂದರೆ ಗೋರಿಯ ನೆನಪು. ಅಂಥ ಛಾವಣಿಯ ಕೆಳಗೆ ಸಂಸಾರ ಹೂಡಲು ಅವರು ಹಿಂಜರಿದುದರಲ್ಲಿ ಆಶ್ಚರ್ಯವಿಲ್ಲ. ಪರ ಊರಿಗೆ ಬಂದು ಮನೆ ಹೂಡಿದ ನಮಗೆ ಇದು ಅರ್ಥವಾಗದ ಮಾತಲ್ಲ. ನಾವಾದರೋ ಸ್ವಇಚ್ಛೆಯಿಂದ ಬಂದವರು.

ಮನನೊಂದ ಫತ್ಹಿಯವರು 1957ರಲ್ಲಿ ದೇಶ ಬಿಟ್ಟು ಅಥೆನ್ಸ್‌ಗೆ ಹೋಗಿ ಕೆಲವು ವರ್ಷ ದುಡಿದು ಮರಳಿದರು. ಖಾರ್ಗಾ ಓಯಸಿಸ್‌ನಲ್ಲಿ ಶುರುಮಾಡಿದ ಹೊಸ ಬಾರಿಸ್ ಊರು 1967ರ ಯುದ್ಧದಿಂದಾಗಿ ನಿಂತಿತು. ಗುರ್ನಾದ ಕಥೆಯನ್ನು ಅವರು ಬರೆದ ಪುಸ್ತಕ 1973ರಲ್ಲಿ ಆರ್ಕಿಟೆಕ್ಚರ್ ಫಾರ್ ದಿ ಪೂರ್ ಎಂಬ ಹೆಸರಿನಿಂದ ಷಿಕಾಗೋದಲ್ಲಿ ಅಚ್ಚಾದ ಮೇಲೆ ಜಗತ್ತು ಅವರತ್ತ ತಿರುಗಿ ನೋಡಿತು. 1980ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಅಧ್ಯಕ್ಷರ ಗೌರವ, ಅದೇ ವರ್ಷ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದವು. ಎಂಬತ್ತರ ವಯಸ್ಸಿನಲ್ಲಿ ನೂಬಿಯಾದ ಮೇಸ್ತ್ರಿಗಳನ್ನು ಕರೆದುಕೊಂಡು ಅಮೆರಿಕದ ನ್ಯೂ ಮೆಕ್ಸಿಕೋಗೆ ಹೋಗಿ ಮಣ್ಣಿನ ಮಸೀದಿ ಕಟ್ಟಿಸಿದರು. ಕೈರೋದ ಹಳೆಯ ಬಡಾವಣೆಯ ಒಂದು ಪುರಾತನ ಮನೆಯಲ್ಲಿ ತಮ್ಮ ಬೆಕ್ಕುಗಳ ಜೊತೆ ಬದುಕುತ್ತಿದ್ದ ಅವರು 1989ರ ನವೆಂಬರ್ 30ರಂದು ತೀರಿಕೊಂಡರು.

ಹೊಸ ಗುರ್ನಾದ ಅನೇಕ ಮಣ್ಣಿನ ಮನೆಗಳು ಕಾಲಕ್ರಮೇಣ ಬಿದ್ದು, ಆ ಜಾಗದಲ್ಲಿ ಕಾಂಕ್ರೀಟ್ ಮನೆಗಳು ಎದ್ದಿವೆ. ಮಸೀದಿ ನಿಂತಿದೆ. ಊರನ್ನು ಉಳಿಸಿಕೊಳ್ಳಲು ಯುನೆಸ್ಕೋ ಕೈಜೋಡಿಸಿದೆ. ಇತ್ತ ಗುಡ್ಡದ ಮೇಲಿನ ಹಳೆಯ ಗುರ್ನಾದ ಬಹುತೇಕ ಮನೆಗಳನ್ನು ಸರ್ಕಾರ 2006ರಿಂದ ಮುಂದಿನ ವರ್ಷಗಳಲ್ಲಿ ಕೆಡವಿ, ಅಲ್ಲಿನ ಸಂಸಾರಗಳನ್ನು ಬೇರೊಂದು ಬಡಾವಣೆಗೆ ಸಾಗಿಸಿತು.