ಹೆರಿಗೆ ಕೋಣೆಯ ಜಾಗರಣೆ: ಡಾ. ಸಿಸ್ಟರ್ ಮೇರಿ ಗ್ಲೌರಿ



ಗರ್ಭದಲ್ಲಿರುವ ಶಿಶುಗಳಿಗಾಗಿ ಜಾಗರಣೆ ಮಾಡಿ ಪ್ರಾರ್ಥಿಸುವ ರೂಢಿ ಈಗ ಅನೇಕ ದೇಶಗಳಲ್ಲಿದೆ. 2004ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲವರು ಗರ್ಭಪಾತ ಕೇಂದ್ರದ ಹೊರಗೆ ನಲವತ್ತು ದಿನ, ಹಗಲಿರುಳು ಸರದಿಯ ಮೇಲೆ ಶಾಂತವಾಗಿ ನಿಂತು ಪ್ರಾರ್ಥಿಸಿದರು. ಅದು ಅಲ್ಲಿಂದ ಹರಡಿತು. ನಮ್ಮ ಯುವಜನರಲ್ಲಿ ಇದರ ಮಾತು ಬಂದಾಗ ಏಳುವ ಪ್ರಶ್ನೆ ಒಂದೇ. ಜಪಸರ ಹಿಡಿದು ನಿಂತರೆ ಏನಾಗುತ್ತದೆ? ಉತ್ತರವಾಗಿ ನಾನು ಒಬ್ಬ ವೈದ್ಯೆಯ ಜೀವನ ಹೇಳುತ್ತೇನೆ.

ಮೇರಿ ಗ್ಲೌರಿ ಹುಟ್ಟಿದ್ದು 1887ರ ಜೂನ್ 23ರಂದು, ಆಸ್ಟ್ರೇಲಿಯದ ಬಿರೆಗುರ್ರ ಎಂಬ ಊರಿನಲ್ಲಿ. ಹೆಣ್ಣುಮಕ್ಕಳು ವೈದ್ಯಕೀಯ ಓದುವುದೇ ಅಪರೂಪವಾಗಿದ್ದ ಕಾಲದಲ್ಲಿ, 1910ರಲ್ಲಿ, ಮೆಲ್ಬರ್ನ್‌ನಲ್ಲಿ ವೈದ್ಯ ಪದವಿ ಪಡೆದರು. ಕಣ್ಣಿನ ಚಿಕಿತ್ಸೆಯಲ್ಲಿ ಒಳ್ಳೆಯ ಹೆಸರು, ನಗರದಲ್ಲಿ ಸ್ವಂತ ಕ್ಲಿನಿಕ್. ಅಲ್ಲೇ ಉಳಿಯಬಹುದಿತ್ತು.

1915ರ ಅಕ್ಟೋಬರ್‌ನಲ್ಲಿ ಒಂದು ಕಿರುಪುಸ್ತಿಕೆ ಕೈಗೆ ಬಂತು. ಅದು ಸ್ಕಾಟ್ಲೆಂಡ್‌ನ ವೈದ್ಯೆ ಆಗ್ನೆಸ್ ಮೆಕ್‌ಲಾರನ್ ಅವರ ಕುರಿತದ್ದು. ಭಾರತದ ಅನೇಕ ತಾಯಂದಿರು ಗಂಡು ವೈದ್ಯರ ಮುಂದೆ ಬರುವುದಿಲ್ಲ, ಹೆಣ್ಣು ವೈದ್ಯರು ಸಿಗುವುದಿಲ್ಲ, ಹೀಗಾಗಿ ತಾಯಿಯೂ ಮಗುವೂ ಸಾಯುತ್ತಾರೆ ಎಂಬುದು ಅದರ ಸಾರ. ಓದಿ ಮುಗಿಸಿ ಮೇರಿ ಮೊಣಕಾಲೂರಿದರು. ಎದ್ದಾಗ ದಾರಿ ಸ್ಪಷ್ಟವಾಗಿತ್ತು. ನಾನು ಬಿ.ಎಸ್ಸಿ. ಓದುವಾಗ ಭ್ರೂಣದ ಹಂತಗಳನ್ನು ರೆಕಾರ್ಡ್ ಪುಸ್ತಕದಲ್ಲಿ ಚೆನ್ನಾಗಿಯೇ ಬರೆದಿದ್ದೆ. ಆ ಮಗು ಎಲ್ಲಿ, ಯಾರ ಕೈಗೆ ಹುಟ್ಟುತ್ತದೆ ಎಂಬ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರಲಿಲ್ಲ!

ಆದರೆ ಅವರು ಕೂಡಲೇ ಹೊರಡಲಾಗಲಿಲ್ಲ. ಅದು ಮಹಾಯುದ್ಧದ ಕಾಲ. ನಾಲ್ಕು ವರ್ಷಕ್ಕೂ ಹೆಚ್ಚು ಕಾದರು. ಕಾಯುತ್ತಲೇ 1916ರಲ್ಲಿ ಕಥೋಲಿಕ ಮಹಿಳೆಯರ ಸಂಘವೊಂದರ ಮೊದಲ ಅಧ್ಯಕ್ಷೆಯಾದರು. 1919ರಲ್ಲಿ ಹೆರಿಗೆ, ಸ್ತ್ರೀರೋಗ ಮತ್ತು ಕಣ್ಣಿನ ಚಿಕಿತ್ಸೆಯಲ್ಲಿ ಉನ್ನತ ಪದವಿ ಪಡೆದರು. ಪ್ರಾರ್ಥನೆ ಅವರನ್ನು ಸುಮ್ಮನೆ ಕೂರಿಸಲಿಲ್ಲ ಎಂಬುದನ್ನು ಗಮನಿಸಬೇಕು.

1920ರ ಫೆಬ್ರವರಿಯಲ್ಲಿ ಗುಂಟೂರಿಗೆ ಬಂದು ಯೇಸು ಮರಿಯ ಜೋಸೆಫರ ಕನ್ಯಾಸ್ತ್ರೀ ಸಭೆ ಸೇರಿದರು. ಅಲ್ಲೊಂದು ತೊಡಕಿತ್ತು. ಸನ್ಯಾಸ ಸ್ವೀಕರಿಸಿದವರು ವೈದ್ಯವೃತ್ತಿ ಮಾಡಲು ಅಂದಿನ ಧರ್ಮಸಭೆಯ ಕಾನೂನು ಬಿಡುತ್ತಿರಲಿಲ್ಲ. ಹದಿನೈದನೆಯ ಬೆನೆಡಿಕ್ಟ್ ಪೋಪರು ವಿಶೇಷ ಅನುಮತಿ ಕೊಟ್ಟ ಮೇಲೆಯೇ ಸಿಸ್ಟರ್ ಮತ್ತೆ ಸ್ಟೆತಸ್ಕೋಪ್ ಹಿಡಿದದ್ದು. ಚಿಕ್ಕ ಔಷಧಾಲಯ ಬೆಳೆದು ಸಂತ ಜೋಸೆಫರ ಆಸ್ಪತ್ರೆಯಾಯಿತು. ಬಹುಕಾಲ ಅಲ್ಲಿ ಅವರೊಬ್ಬರೇ ವೈದ್ಯೆ. ತೆಲುಗು ಕಲಿತರು, ನಮ್ಮ ನೆಲದ ಔಷಧಿಗಳನ್ನೂ ಬಳಸಿದರು, ಸ್ಥಳೀಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟರು. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು ಕೇಳುವ ನಮಗೆ ಭಾಷೆ ಕಲಿಯುವುದು ದೊಡ್ಡದೆನಿಸದು. ಮೂವತ್ತು ದಾಟಿ ಹಡಗಿನಲ್ಲಿ ಬಂದವರಿಗೆ ಅದು ಸುಲಭವಾಗಿರಲಾರದು.

ಒಂಟಿ ಆಸ್ಪತ್ರೆ ಸಾಲದು ಎಂದು 1943ರಲ್ಲಿ ಭಾರತದ ಕಥೋಲಿಕ ಆಸ್ಪತ್ರೆಗಳ ಸಂಘ ಕಟ್ಟಿದರು. ಗರ್ಭದಿಂದ ಕೊನೆಯುಸಿರಿನವರೆಗೆ ಜೀವವನ್ನು ಗೌರವಿಸುವ ವೈದ್ಯರನ್ನು ತಯಾರುಮಾಡುವ ಕಾಲೇಜು ಬೇಕೆಂಬುದು ಅವರ ಆಸೆ. ಅದನ್ನು ಕಾಣುವ ಮೊದಲೇ, 1957ರ ಮೇ 5ರಂದು, ಕ್ಯಾನ್ಸರ್‌ನಿಂದ ಬಳಲಿ ಬೆಂಗಳೂರಿನಲ್ಲಿ ತೀರಿಕೊಂಡರು. ನಮ್ಮ ಕಡೆಯವರೂ ಚಿಕಿತ್ಸೆಗೆ ಹೋಗುವ ಸಂತ ಜಾನರ ವೈದ್ಯಕೀಯ ಕಾಲೇಜು ಅದೇ ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾಯಿತು. 2013ರಲ್ಲಿ ಧರ್ಮಸಭೆ ಅವರನ್ನು ದೇವರ ಸೇವಕಿ ಎಂದು ಕರೆಯಿತು.

ಇದು ನಮಗೆ ದೂರದ ಕಥೆಯಲ್ಲ. ಹೆಣ್ಣೆಂಬ ಕಾರಣಕ್ಕೆ ಹಸುಗೂಸುಗಳನ್ನು ಕೊಲ್ಲುವುದನ್ನು ತಡೆಯಲು ತಮಿಳುನಾಡು ಸರ್ಕಾರ 1992ರಲ್ಲಿ ಸೇಲಂನಲ್ಲಿ ತೊಟ್ಟಿಲು ಯೋಜನೆ ಆರಂಭಿಸಿತು. 2001ರಲ್ಲಿ ಅದು ಧರ್ಮಪುರಿಗೂ ಬಂತು. ಕೃಷ್ಣಗಿರಿ ಆಗ ಅದೇ ಜಿಲ್ಲೆಯೊಳಗಿತ್ತು. ಮಗುವನ್ನು ಆ ತೊಟ್ಟಿಲಲ್ಲಿ ಬಿಟ್ಟುಹೋಗುವ ತಾಯಿಯನ್ನು ಯಾರೂ ಬೈಯುವಂತಿಲ್ಲ. ನಮ್ಮ ಜಾಗರಣೆಯೂ ಹಾಗಿರಬೇಕೆಂದು ನನಗನಿಸುತ್ತದೆ. ಗರ್ಭಪಾತದ ನೋವನ್ನು ಮನಸ್ಸಿನಲ್ಲೇ ಹೊತ್ತವರು ನಮ್ಮ ಪಕ್ಕದ ಬೆಂಚಿನಲ್ಲೇ ಕುಳಿತಿರಬಹುದು. ಬೆರಳು ತೋರಿಸುವ ಪ್ರಾರ್ಥನೆಗೆ ಅವರು ಮತ್ತೆ ಬರುವುದಿಲ್ಲ. ಹೆದರಿದ ಹೊಸ ತಾಯಿಯೂ ಬರುವುದಿಲ್ಲ.

ಯುವಜನರ ಮುಂದಿನ ಜಾಗರಣೆಯಲ್ಲಿ ಪರಮ ಪ್ರಸಾದದ ಆರಾಧನೆ, ಜಪಸರ ಎಂದಿನಂತೆ ಇರುತ್ತವೆ. ಬಾಗಿಲ ಬಳಿಯ ಮೇಜಿನ ಮೇಲೆ ಆಂಬುಲೆನ್ಸ್‌ನ 108, ಮಕ್ಕಳ ಸಹಾಯವಾಣಿಯ 1098 ಎಂದು ಮೂರು ಭಾಷೆಯಲ್ಲಿ ಬರೆದ ಚೀಟಿಗಳಿರುತ್ತವೆ. ಬೇಕಾದವರು ಯಾರನ್ನೂ ಕೇಳದೆ ಒಂದನ್ನು ತೆಗೆದುಕೊಳ್ಳಬಹುದು.