ಸೈಕಲ್ ಮಾರಿದ ಡ್ರಾಯಿಂಗ್ ಮಾಸ್ತರ

ಕೆಲಸಕ್ಕೆ ಸೈಕಲ್ ಮ್ಯಾಲೆ ಹೋಗೋದು ಅಂದ್ರೆ ಬೇಡಕಿಹಾಳ, ಸದಲಗಾ, ಬೋರಗಾಂವ ಕಡೆಯವರಿಗೆ ಕಥೆ ಮಾಡಿ ಹೇಳುವಂಥ ಸಂಗತಿಯೇ ಅಲ್ಲ. ಹ್ಯಾಂಡಲ್‌ಗೆ ಬುತ್ತಿ ಕಟ್ಟಿಕೊಂಡು ಕಬ್ಬಿನ ಹೊಲಕ್ಕೆ, ಸಕ್ಕರೆ ಕಾರ್ಖಾನೆಗೆ, ಗಡಿ ದಾಟಿ ಇಚಲಕರಂಜಿಯ ಮಗ್ಗಗಳಿಗೆ ಹೋದ ತಲೆಮಾರು ಅಲ್ಲಿನದು. ಈಗ ಬೈಕ್ ಬಂದಿವೆ, ಆದರೂ ಗೋಡೆಗೆ ಒರಗಿಸಿದ ಹಳೇ ಸೈಕಲ್ ಮನೆಮನೆಯಲ್ಲೂ ಸಿಗ್ತದೆ. ಇದೇ ಬೆಳಗಾವಿ ಜಿಲ್ಲೆಯಲ್ಲಿ ಸೈಕಲ್ ಅನ್ನೋದನ್ನ ಜನ ನಿಂತು ನೋಡ್ತಿದ್ದ ಕಾಲ ಒಂದಿತ್ತು. ಆಗ ಅದನ್ನು ಮಾರಲು ಅಂಗಡಿ ಹಾಕಿದವರ ಹೆಸರು ನಮಗೆಲ್ಲ ಗೊತ್ತು. ಆದರೆ ಪಂಪ್‌ಸೆಟ್ ಮೇಲೆ ಓದಿ ಗೊತ್ತು, ಸೈಕಲ್ ಜೊತೆಗೆ ಅಲ್ಲ. ಅವರು ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್.

ಹುಟ್ಟಿದ್ದು 1869ರ ಜೂನ್ 20ರಂದು, ಸವದತ್ತಿ ಕಡೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ಊರು ಕನ್ನಡ. ನಮ್ಮ ಗಡಿಭಾಗದಲ್ಲಿ ಇದು ಇವತ್ತಿಗೂ ಹೊಸದಲ್ಲ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದೂ ಅದೇ ಊರಲ್ಲಿ. ಒಂದು ಸಣ್ಣ ಊರು ಒಬ್ಬ ನಾಟಕಕಾರನನ್ನೂ ಒಬ್ಬ ಯಂತ್ರಕಾರನನ್ನೂ ಕೊಟ್ಟಿತು ಅಂದ್ರೆ ಸಣ್ಣ ಮಾತಲ್ಲ.

ಹುಡುಗನಿಗೆ ಶಾಲೆಯ ಪಾಠ ಹತ್ತಲಿಲ್ಲ. ಇಷ್ಟ ಇದ್ದದ್ದು ಎರಡೇ: ಚಿತ್ರ ಬರೆಯೋದು, ಯಂತ್ರ ಬಿಚ್ಚಿ ನೋಡೋದು. ಅಣ್ಣ ರಾಮಚಂದ್ರರಾಯರು, ಅಂದ್ರೆ ಎಲ್ಲರ ಬಾಯಲ್ಲಿ ರಾಮುಅಣ್ಣ, ಬೆನ್ನಿಗೆ ನಿಂತರು. 1885ರಲ್ಲಿ ಲಕ್ಷ್ಮಣರಾಯರು ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದರು. ಅಲ್ಲಿ ಗೊತ್ತಾಯ್ತು, ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯೋದಿಲ್ಲ ಅಂತ. ಚಿತ್ರಕಾರನಾಗೋ ಆಸೆ ಅಲ್ಲಿಗೇ ಮುಗೀತು. ಬಣ್ಣ ಬೇಡದ ಚಿತ್ರ ಯಾವುದು? ಯಂತ್ರದ ನಕ್ಷೆ. ಗೆರೆ, ಅಳತೆ, ಕೋನ ಇಷ್ಟೇ ಸಾಕು. ಅದನ್ನ ಗಟ್ಟಿಯಾಗಿ ಕಲಿತು, ಆಗಷ್ಟೇ ಶುರುವಾಗಿದ್ದ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ, ನಾವೆಲ್ಲ ವಿಜೆಟಿಐ ಅನ್ನೋ ಕಾಲೇಜಿನಲ್ಲಿ, ಮೆಕ್ಯಾನಿಕಲ್ ಡ್ರಾಯಿಂಗ್ ಮಾಸ್ತರರಾದರು. ಮೊದಲ ಸೆಮಿಸ್ಟರ್‌ನಲ್ಲಿ ಡ್ರಾಫ್ಟರ್ ಹಿಡಿದು ಬೆವತವರು ಇದನ್ನ ಓದಿ ಸ್ವಲ್ಪ ಸಮಾಧಾನ ಮಾಡ್ಕೋಬಹುದು.

ಈಗ ಸೈಕಲ್ಲಿಗೆ ಬರೋಣ. ಆ ಹೊತ್ತಿನಲ್ಲಿ ಸೈಕಲ್ ತಾನೇ ಬದಲಾಗ್ತಾ ಇತ್ತು. ಅದಕ್ಕೂ ಮುಂಚಿನ ಸೈಕಲ್ಲಿಗೆ ಮುಂದಿನ ಗಾಲಿ ಆಳೆತ್ತರ, ಹಿಂದಿನದು ತಟ್ಟೆಯಷ್ಟು. ಯಾಕಂದ್ರೆ ಪೆಡಲ್ ನೇರ ಮುಂದಿನ ಗಾಲಿಗೇ ಕೂತಿತ್ತು. ಒಂದು ಸುತ್ತು ತುಳಿದರೆ ಗಾಲಿಯೂ ಒಂದೇ ಸುತ್ತು. ಜೋರಾಗಿ ಹೋಗಬೇಕು ಅಂದ್ರೆ ಗಾಲಿ ದೊಡ್ಡದು ಮಾಡೋದೊಂದೇ ದಾರಿ. ಬಿದ್ದರೆ ತಲೆ ಕೆಳಗಾಗಿ ಬೀಳಬೇಕು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ ರೋವರ್ ಸೈಕಲ್ ಈ ಗಂಟನ್ನ ಬಿಡಿಸಿತು: ಪೆಡಲ್ ನಡುವೆ, ಚೈನ್ ಹಿಂದಿನ ಗಾಲಿಗೆ, ಎರಡೂ ಗಾಲಿ ಹೆಚ್ಚುಕಡಿಮೆ ಒಂದೇ ಅಳತೆ. ವೇಗ ಬೇಕಾದರೆ ಗಾಲಿ ಅಲ್ಲ, ಹಲ್ಲಿನ ಚಕ್ರಗಳ ಅನುಪಾತ ಬದಲಿಸಿದರೆ ಸಾಕು. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ತಗೊಂಡರು. ಸೈಕಲ್ ಅಂದ್ರೆ ಶೋಕಿ ಅನ್ನೋದು ಹೋಗಿ, ಆಫೀಸಿಗೆ ಹೋಗಿ ಬರೋಕೆ ಆಗುವ ವಾಹನ ಆಗಿದ್ದು ಈ ಎರಡು ಬದಲಾವಣೆಗಳಿಂದ.

ಅದೇ 1888ರಲ್ಲಿ ಕಿರ್ಲೋಸ್ಕರ್ ಸಹೋದರರು ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರ ಶುರು ಮಾಡಿದರು. ಇದನ್ನ ನಾವು ಓದಿ ಬೆರಗಾದದ್ದು ನಿಜ. ಬೆಲ್‌ಫಾಸ್ಟ್‌ನಲ್ಲಿ ಟೈರ್ ಬಂದ ವರ್ಷವೇ ಬೆಳಗಾವಿಯಲ್ಲಿ ಸೈಕಲ್ ಅಂಗಡಿ! ವ್ಯವಸ್ಥೆ ಸರಳ. ತಮ್ಮ ಮುಂಬೈಯಲ್ಲಿ ಪಾಠ ಮಾಡ್ತಾ ಸೈಕಲ್ ಕೊಂಡು ಊರಿಗೆ ಕಳಿಸೋದು, ಅಣ್ಣ ಇಲ್ಲಿ ಮಾರೋದು. ಮಾರಿದರೆ ಮುಗೀಲಿಲ್ಲ. ಹತ್ತಿ ಓಡಿಸೋದನ್ನ ಅಂಗಡಿಯವರೇ ಕಲಿಸಬೇಕು, ಕೆಟ್ಟರೆ ರಿಪೇರಿಯೂ ಅವರದೇ. ಕಲಿಸೋದಕ್ಕೆ ಫೀ ಬೇರೆ. ವಿಲಾಯಿತಿಯಿಂದ ಹಡಗಿನಲ್ಲಿ ಬಂದ ಸೈಕಲ್ ಕೊಳ್ಳೋ ತಾಕತ್ತು ಇದ್ದದ್ದು ಅಧಿಕಾರಿಗಳಿಗೆ, ವಕೀಲರಿಗೆ, ಕ್ಯಾಂಪಿನ ಸಾಹೇಬರಿಗೆ. ಹೊಲದ ಆಳಿಗೂ ಕಾರ್ಖಾನೆಯ ಕೂಲಿಗೂ ಅದು ದೂರದ ಮಾತು. ಕೆಲಸಕ್ಕೆ ಸೈಕಲ್ ತುಳಿಯೋದು ಮೇಲಿನವರಿಂದ ಶುರುವಾಗಿ ಕೆಳಗೆ ಇಳಿದು ಬಂದ ಚಾಳಿ, ಇವತ್ತು ನಾವು ಅಂದುಕೊಳ್ಳೋದಕ್ಕೆ ಪೂರಾ ಉಲ್ಟಾ.

1897ರಲ್ಲಿ ಮುಂಬೈ ಕೆಲಸದಲ್ಲಿ ಸಿಗಬೇಕಾದ ಬಡ್ತಿ ಸಿಗಲಿಲ್ಲ. ಅದು ಆಂಗ್ಲೋ-ಇಂಡಿಯನ್ ಒಬ್ಬರ ಪಾಲಾಯಿತು. ಲಕ್ಷ್ಮಣರಾಯರು ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಸರ್ಕಾರಿ ಸಂಬಳ ಅಂದ್ರೆ ದೇವರ ಪ್ರಸಾದ ಅನ್ನೋ ಕಾಲದಲ್ಲಿ ಮಾಡಿದ ಕೆಲಸ ಇದು. ಮನೆಯವರು ಎಷ್ಟು ಬೈದಿರಬೇಕೋ.

ಇಲ್ಲೊಂದು ಪ್ರಶ್ನೆ ನಮ್ಮ ಬಳಗದಲ್ಲಿ ಬಹಳ ಹೊತ್ತು ಚರ್ಚೆ ಆಯಿತು. ಸೈಕಲ್ ಮಾರಿದರು, ಬಿಚ್ಚಿದರು, ಜೋಡಿಸಿದರು. ಹಂಗಾದ್ರೆ ಸೈಕಲ್ಲನ್ನೇ ಯಾಕೆ ತಯಾರಿಸಲಿಲ್ಲ? ಒಂದು ಸೈಕಲ್ ಮುಂದೆ ಇಟ್ಟುಕೊಂಡು ಯೋಚಿಸಿದರೆ ಉತ್ತರ ಹೊಳೀತದೆ. ಹಗುರಾದ ಉಕ್ಕಿನ ಕೊಳವೆ, ಬಾಲ್ ಬೇರಿಂಗ್, ಒಂದೊಂದು ಕೊಂಡಿಯೂ ಒಂದೇ ಅಳತೆಗೆ ಬರಬೇಕಾದ ಚೈನ್, ರಬ್ಬರ್. ಆಗಿನ ಬೆಳಗಾವಿಯ ಸಣ್ಣ ಶೆಡ್ಡಿನಲ್ಲಿ ಇದರಲ್ಲಿ ಯಾವುದೂ ಆಗೋ ಮಾತಲ್ಲ. ನೋಡೋಕೆ ಸರಳ ಅನಿಸಿದರೂ ಸೈಕಲ್ ಬಹಳ ನಾಜೂಕಿನ ಯಂತ್ರ. ನಮ್ಮ ಲೆಕ್ಕದಲ್ಲಿ ಲಕ್ಷ್ಮಣರಾಯರ ಜಾಣತನ ಇರೋದು ಇಲ್ಲೇ. ಆಗದ್ದಕ್ಕೆ ಕೈ ಹಾಕದೆ, ಎರಕ ಹೊಯ್ದು, ಅಲಗು ಹರಿತ ಮಾಡಿ ಇಲ್ಲೇ ತಯಾರಿಸಬಹುದಾದ್ದನ್ನ ಹುಡುಕಿದರು. ಅಮೆರಿಕದ ತಾಂತ್ರಿಕ ಪತ್ರಿಕೆಗಳನ್ನ ತರಿಸಿ ಓದಿದರು. ಮೊದಲು ಬಂದದ್ದು ಕಣಿಕಿ ಕತ್ತರಿಸೋ ಯಂತ್ರ. ಆಮೇಲೆ ಕಬ್ಬಿಣದ ರಂಟಿ.

ರಂಟಿಯ ಕಥೆಯಲ್ಲಿ ಸೈಕಲ್ ಅಂಗಡಿಯ ಪಾಠ ಮತ್ತೆ ಬರ್ತದೆ. ಕಟ್ಟಿಗೆಯ ರಂಟಿ ನೆಲವನ್ನ ಗೀರ್ತದೆ, ಕಬ್ಬಿಣದ್ದು ಮಣ್ಣನ್ನ ಬುಡಮೇಲು ಮಾಡ್ತದೆ. ಎರಿ ಭೂಮಿಯಲ್ಲಿ ಆಳಕ್ಕೆ ಬೇರು ಬಿಟ್ಟ ಕರಿಕಿ ಕೀಳಬೇಕಾದ್ರೆ ಅದು ಬೇಕೇ ಬೇಕು. ಆದರೆ ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರ್ತದೆ ಅಂತ ರೈತರ ನಂಬಿಕೆ. ಮೊದಲ ರಂಟಿ ಮಾರೋದಕ್ಕೆ ಎರಡು ವರ್ಷ ಹಿಡೀತು. ಎರಡು ವರ್ಷ ಅಂದ್ರೆ ನಮ್ಮ ನಾಲ್ಕು ಸೆಮಿಸ್ಟರ್, ಒಂದೂ ಮಾರಾಟ ಇಲ್ಲದೆ. ರೈತನನ್ನ ಮೂಢ ಅಂದುಬಿಡೋದು ನಮಗೆ ಸುಲಭ. ಆದರೆ ವರ್ಷದ ಅನ್ನ ಆ ಒಂದು ಹೊಲದಲ್ಲಿ ಇದ್ದವನಿಗೆ ಹೊಸ ಉಪಕರಣ ತಪ್ಪಿದರೆ ಮನೆ ಉಪವಾಸ. ಸೈಕಲ್ ಕೊಂಡವನು ಬಿದ್ದರೆ ಮೊಣಕಾಲು ಕೆತ್ತೋದು ಅಷ್ಟೇ. ಸಾಹೇಬರಿಗೆ ಸೈಕಲ್ ಕಲಿಸಿದ ಮನೆತನವೇ ರೈತನಿಗೂ ಹೊಸ ವಸ್ತುವಿನ ಭಯ ಬಿಡಿಸಬೇಕಾಯಿತು. ಇದಕ್ಕೆ ಫೀ ಇರಲಿಲ್ಲ.

ವ್ಯಾಪಾರ ಕುದುರೋ ಹೊತ್ತಿಗೆ ನೆಲವೇ ಹೋಯಿತು. ಊರಿನ ಹೊಸ ಬಡಾವಣೆಗೆ ಜಾಗ ಬೇಕು ಅಂತ ಬೆಳಗಾವಿ ಪುರಸಭೆ ಕಾರ್ಖಾನೆಯನ್ನ ಬಿಡಿಸಿತು. ಇವತ್ತು ಉದ್ಯಮ ತನ್ನಿ ಅಂತ ಸಮಾವೇಶ ಮಾಡೋ ನಾವು ಇದನ್ನ ಓದುವಾಗ ಹೊಟ್ಟೆ ಉರಿಯದೆ ಇರೋದಿಲ್ಲ. ಔಂಧ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ ಕುಂಡಲ ರೋಡ್ ರೈಲ್ವೆ ಸ್ಟೇಷನ್ ಹತ್ತಿರ 32 ಎಕರೆ ಜಮೀನು ಕೊಟ್ಟರು, ಬಡ್ಡಿ ಇಲ್ಲದೆ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಬೆಳಗಾವಿಯಿಂದ ಪುಣೆ ಕಡೆ ಹೊರಟ ರೈಲು ರಾಯಬಾಗ, ಕುಡಚಿ, ಮಿರಜ ದಾಟಿ ಹೋದರೆ ಸಿಗೋ ಜಾಗ ಅದು. 1910ರಲ್ಲಿ ಲಕ್ಷ್ಮಣರಾಯರು ಅಲ್ಲಿಗೆ ಹೋದಾಗ ಇದ್ದದ್ದು ಪಾಪಾಸುಕಳ್ಳಿ, ನಾಗರಹಾವು. ಅದೇ ಕಿರ್ಲೋಸ್ಕರವಾಡಿ. ಸ್ಟೇಷನ್ನಿನ ಹೆಸರೂ ಮುಂದೆ ಅದೇ ಆಯಿತು.

ಅಲ್ಲಿ ಕಾರ್ಖಾನೆಯ ಪಕ್ಕದಲ್ಲೇ ಕಾರ್ಮಿಕರ ಮನೆಗಳು ಎದ್ದವು. ನಮ್ಮ ದೇಶದ ಮೊದಮೊದಲ ಕಾರ್ಖಾನೆ ಊರುಗಳಲ್ಲಿ ಅದೊಂದು. ಸೈಕಲ್ ಮಾರಿ ವ್ಯಾಪಾರ ಶುರು ಮಾಡಿದ ಮನುಷ್ಯ ಕೊನೆಗೆ ಕಟ್ಟಿದ್ದು ಕೆಲಸಕ್ಕೆ ನಡೆದೇ ಹೋಗಬಹುದಾದ ಊರು. ಮುಟ್ಟು ಮೈಲಿಗೆಗೆ ಅಲ್ಲಿ ಜಾಗ ಇರಲಿಲ್ಲ. ಜೈಲು ಕಂಡು ಬಂದವರನ್ನೇ ನಂಬಿ ರಾತ್ರಿ ಕಾವಲಿಗೆ ಇಟ್ಟರು. ಈ ಎರಡು ಸಂಗತಿಗೆ ರಂಟಿಯಷ್ಟೇ ತೂಕ ಇದೆ ಅಂತ ನಮ್ಮ ಅಭಿಪ್ರಾಯ.

ಮುಂದಿನದು ನೀವು ಬಲ್ಲದ್ದೇ. ಶೇಂಗಾ ಸುಲಿಯೋ ಯಂತ್ರ, ಕಬ್ಬಿನ ಗಾಣ, ಪಂಪು, ಎಂಜಿನ್ನು. ಮಗ ಶಂತನುರಾವ್ 1926ರಲ್ಲಿ ಅಮೆರಿಕದ ಎಂಐಟಿಯಿಂದ ಮೆಕ್ಯಾನಿಕಲ್ ಎಂಜಿನಿಯರ್ ಆಗಿ ಬಂದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು, ಅಲ್ಲಿ ಲೇತ್‌ಗಳು ತಯಾರಾದವು. ಆ ಕಾರ್ಖಾನೆ ಈಗ ಇಲ್ಲ.

ನಮ್ಮ ಜನ ಕೈಗೆಟುಕುವ ಬೆಲೆಗೆ ಸೈಕಲ್ ಕೊಂಡದ್ದು ಇಲ್ಲೇ ಅದು ತಯಾರಾಗೋಕೆ ಹತ್ತಿದ ಮೇಲೆ. ಮದ್ರಾಸಿನಲ್ಲಿ ಟಿಐ ಸೈಕಲ್ಸ್ 1949ರಲ್ಲಿ, ಸೋನಿಪತ್‌ನಲ್ಲಿ ಅಟ್ಲಾಸ್ 1951ರಲ್ಲಿ, ಲುಧಿಯಾನದಲ್ಲಿ ಹೀರೋ 1956ರಲ್ಲಿ. ಲಕ್ಷ್ಮಣರಾಯರು ತೀರಿಕೊಂಡದ್ದೂ 1956ರಲ್ಲೇ, ಸೆಪ್ಟೆಂಬರ್ 26ರಂದು. ಹುಟ್ಟಿ ನೂರು ವರ್ಷ ತುಂಬಿದ ದಿನ, 1969ರ ಜೂನ್ 20ಕ್ಕೆ, ಅಂಚೆ ಇಲಾಖೆ ಅವರ ಚಿತ್ರದ ಸ್ಟಾಂಪ್ ತಂದಿತು.